ಕೆಂಪು ಕಾರು, ಕೆನೆ ಮೊಸರು

ಕೊಟ್ಟಿಗೆಹಾರದಿಂದ ಕಳಸದ ತನಕ ಇರುವ ಅಷ್ಟೂ ತಿರುವುಗಳಿಗೆ ಬುದ್ಧಿ ಕಲಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಗೋಣಿಬೀಡಿನ ನನ್ನ ಅಂಗಡಿಯ ಗಲ್ಲಾದ ಹಿಂದೆ ಕೂತು. ಸಾಕ್ಷಿಗೆ ಇದ್ದದ್ದು ಒಂದು ಕಟ್ಟು ಪೈಪು ಮತ್ತು ಒಂದು ರಾಶಿ ಸ್ಪ್ರಿಂಕ್ಲರ್. ಹಾಗೆಂದು ಶಪಥದ ತೂಕವೇನೂ ಕಡಿಮೆಯಿರಲಿಲ್ಲ.

ನನ್ನ ಅಂಗಡಿಗೆ ಬರುವ ಪ್ಲಾಂಟರುಗಳಲ್ಲಿ ಪೈಪು ಕೊಳ್ಳುವವರಿಗಿಂತ ಕಾರ್ ರ‍್ಯಾಲಿಯ ಕಥೆ ಹೇಳುವವರೇ ಹೆಚ್ಚು. ಆ ಕಥೆಗಳನ್ನು ಕೇಳಿ ಕೇಳಿ ತಲೆ ತಿರುಗಿ, ಒಬ್ಬ ಪ್ಲಾಂಟರ ಮಗ ಬೇಜಾರಾಗಿ ಮಾರಿದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೆ. ಎರಡೇ ಸೀಟು. ಹತ್ತುವುದಕ್ಕೆ ಬಾವಿಗೆ ಇಳಿಯುವ ಅಭ್ಯಾಸ ಬೇಕು. ನೇರ ರಸ್ತೆಯಲ್ಲಿ ಅದು ಬಾಣ. ಆದರೆ ತಿರುವು ಬಂದರೆ ಮದುವೆ ಊಟ ಮುಗಿಸಿದ ಬೀಗರ ಹಾಗೆ ಒಂದು ಮಗ್ಗುಲಿಗೆ ವಾಲಿಕೊಳ್ಳುತ್ತಿತ್ತು. ನಮ್ಮ ಕಡೆ ನೇರ ರಸ್ತೆ ಎಲ್ಲಿದೆ? ಆದ್ದರಿಂದ ಅದು ಯಾವಾಗಲೂ ವಾಲಿಕೊಂಡೇ ಇರುತ್ತಿತ್ತು.

"ಕಾರಿಗೆ ಹೊಸ ಸಸ್ಪೆನ್ಷನ್ ಹಾಕಿಸ್ಬೇಕು ಕಣೆ" ಎಂದೆ ಹೆಂಡತಿಗೆ.

ನನ್ನ ಹೆಂಡತಿ ರಶ್ಮಿ ಕೊಟ್ಟಿಗೆಯಲ್ಲಿ ಎರಡು ಎಮ್ಮೆಗಳನ್ನೂ ಮನೆಯೊಳಗೆ ನನ್ನನ್ನೂ ಸಾಕಿಕೊಂಡಿದ್ದಾಳೆ. ಎಮ್ಮೆಗಳ ಮೇಲೆ ಅವಳಿಗೆ ಗೌರವ ಹೆಚ್ಚು.

"ಮಿಕ್ಸಿ ಸುಟ್ಟು ಹೋಗಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ? ಮೊಸರು ಕಡೆದೂ ಕಡೆದೂ ನನ್ನ ರಟ್ಟೆ ಬಿದ್ದು ಹೋಗ್ತಿದೆ. ಬೆಣ್ಣೆ ತೆಗಿಯೋ ಮಿಷನ್ ತನ್ನಿ ಅಂತ ಯುಗಾದಿಯಿಂದ ಬಡ್ಕೊಳ್ತಿದೀನಿ" ಎಂದಳು.

"ಅದೂ ಬರುತ್ತೆ. ಮೊದಲು ಸಸ್ಪೆನ್ಷನ್."

"ಒಂದು ಹಿಂಡಿ ಮೂಟೆ ಹಾಕೋಕೆ ಜಾಗ ಇಲ್ಲ ಆ ಕಾರಲ್ಲಿ. ಅದಕ್ಕೆ ಸಿಂಗಾರ ಬೇರೆ."

ಶೌರ್ಯಕ್ಕೂ ಹಿಂಡಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಊಟ ಇನ್ನೂ ಆಗಿರಲಿಲ್ಲವಾದ್ದರಿಂದ ಕೇಳಲಿಲ್ಲ.

ಮರುದಿನವೇ ಚಿಕ್ಕಮಗಳೂರಿನ ದಿಲೀಪನ ಗ್ಯಾರೇಜಿಗೆ ಹೋದೆ. ದಿಲೀಪ ಕಾರುಗಳನ್ನು ರೇಸಿಗೆ ಸಜ್ಜು ಮಾಡುವವನು. ಸೀರೆ ಅಂಗಡಿಯಲ್ಲಿ ರಶ್ಮಿ ಕೂರುವ ಹಾಗೆ ನಾನು ಸ್ಟೂಲಿನ ಮೇಲೆ ಕೂತೆ. ಅವನು ಒಂದೊಂದಾಗಿ ತಂದು ಮುಂದಿಟ್ಟ. ಕಾರನ್ನು ಇನ್ನಷ್ಟು ತಗ್ಗಿಸುವ ಗಿಡ್ಡ ಸ್ಪ್ರಿಂಗು, ಎರಡೂ ಬದಿಯ ಚಕ್ರಗಳನ್ನು ಬಿಗಿದು ಹಿಡಿಯುವ ದಪ್ಪ ಕಬ್ಬಿಣದ ಸರಳು, ಹಳದಿ ಬಣ್ಣದ ಶಾಕ್ ಅಬ್ಸಾರ್ಬರು. ನಾನು ಪ್ರತಿಯೊಂದನ್ನೂ ಬೆರಳಿಂದ ತಟ್ಟಿ ನೋಡಿ "ಹೂಂ" ಎಂದೆ. ತೆಂಗಿನಕಾಯಿ ಆರಿಸುವಾಗ ಕಲಿತ ವಿದ್ಯೆ ಅದು.

"ನಿಮಗೆ ಕಂಫರ್ಟ್ ಬೇಕೋ, ಹ್ಯಾಂಡ್ಲಿಂಗ್ ಬೇಕೋ ಸಾರ್?" ಎಂದ ದಿಲೀಪ.

"ಎರಡೂ ಇರ್ಲಿ."

"ಎರಡೂ ಆಗಲ್ಲ ಸಾರ್. ತಿರುವಲ್ಲಿ ವಾಲಬಾರ್ದು ಅಂದ್ರೆ ಸ್ಪ್ರಿಂಗ್ ಗಟ್ಟಿ ಇರ್ಬೇಕು. ಗಟ್ಟಿ ಹಾಕಿದ್ರೆ ರಸ್ತೆ ಗುಂಡಿ ಎಲ್ಲ ಮೈಗೆ ಗೊತ್ತಾಗುತ್ತೆ."

"ಗೊತ್ತಾಗೋದು ಒಳ್ಳೇದಲ್ವೇನೋ ಮಾರಾಯ? ಗೊತ್ತಾದ್ರೆ ತಾನೇ ತಪ್ಪಿಸೋದು?"

ದಿಲೀಪ, ಗಿರಾಕಿಯೇ ದೇವರು ಎಂದುಕೊಂಡನೋ ಏನೋ, ಮೂರನ್ನೂ ಹಾಕಿಕೊಟ್ಟ. ಶಾಕ್ ಅಬ್ಸಾರ್ಬರಿನ ತಲೆಯ ಮೇಲಿದ್ದ ಪುಟ್ಟ ತಿರುಪನ್ನು ತೋರಿಸಿ, "ಎಡಕ್ಕೆ ತಿರುಗಿಸಿದ್ರೆ ಮೆತ್ತಗೆ, ಬಲಕ್ಕೆ ತಿರುಗಿಸಿದ್ರೆ ಗಟ್ಟಿ. ನಮ್ಮ ರಸ್ತೆಗೆ ಎಡಕ್ಕೇ ಇರ್ಲಿ ಸಾರ್" ಎಂದ.

ನಾನು ತೋಟಕ್ಕೆ ಗೊಬ್ಬರ ಹಾಕುವ ಊರಿನವನು. ಒಂದು ಹಿಡಿ ಹಾಕಿ ಎಂದರೆ ಒಂದೂವರೆ ಹಿಡಿ ಹಾಕುವುದು ನಮ್ಮ ರಕ್ತದಲ್ಲೇ ಬಂದದ್ದು. ಗ್ಯಾರೇಜಿನಿಂದ ಕಣ್ಮರೆಯಾದ ಕೂಡಲೇ ಕಾರು ನಿಲ್ಲಿಸಿ, ನಾಲ್ಕೂ ತಿರುಪುಗಳನ್ನು ಬಲಕ್ಕೆ, ಇನ್ನು ತಿರುಗುವುದಿಲ್ಲ ಎನ್ನುವ ತನಕ ಬಿಗಿದೆ.

ಆಹಾ, ಏನು ಬದಲಾವಣೆ! ಮೂಡಿಗೆರೆ ದಾರಿಯ ತಿರುವುಗಳಲ್ಲಿ ಕಾರು ಕೂದಲೆಳೆಯಷ್ಟೂ ವಾಲಲಿಲ್ಲ. ಗುಂಡಿ ಬಂದಾಗ ಹಲ್ಲುಗಳು ಒಂದಕ್ಕೊಂದು ಬಡಿದವು, ಕನ್ನಡಕ ಮೂಗು ಬಿಟ್ಟು ತೊಡೆಗೆ ಬಂತು, ನಿಜ. ಆದರೆ ಕನ್ನಡಕ ನೇರವಾಗಿ ಬಂತು, ಪಕ್ಕಕ್ಕೆ ಬೀಳಲಿಲ್ಲ. ಹ್ಯಾಂಡ್ಲಿಂಗ್ ಎಂದರೆ ಅದೇ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದವನೇ ಜಗಲಿಯಲ್ಲಿ ನಿಂತು ಘೋಷಿಸಿದೆ. "ಇನ್ನು ಆ ಕಾರಲ್ಲಿ ತುಂಬಿದ ಲೋಟ ಇಟ್ಕೊಂಡು ಹೋದ್ರೂ ಒಂದು ಹನಿ ತುಳುಕಲ್ಲ."

ರಶ್ಮಿ ಆಗ ಸಂಸೆಯ ತವರುಮನೆಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅವಳ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬರುವ ಭಾನುವಾರಕ್ಕಿತ್ತು. ಊಟದ ಮೊಸರು ಗೋಣಿಬೀಡಿನಿಂದಲೇ ಬರಬೇಕೆಂದು ನನ್ನ ಮಾವ ಸೋಮಶೇಖರಪ್ಪನವರ ಕಟ್ಟಪ್ಪಣೆ. ಮಾವನವರು ಹೋಳಿಗೆ ಬಿಟ್ಟಾರು, ಪಾಯಸ ಬಿಟ್ಟಾರು. ಕೊನೆಯ ತುತ್ತಿಗೆ ರಶ್ಮಿಯ ಎಮ್ಮೆಯ ಗಟ್ಟಿ ಮೊಸರಿಲ್ಲದಿದ್ದರೆ ಎಲೆ ಬಿಟ್ಟು ಏಳುವವರಲ್ಲ. ಪ್ರತಿ ಸಲ ಅದು ನಮ್ಮ ಪಕ್ಕದ ಮನೆಯ ಪ್ರಸಾದನ ಹಳೇ ಜೀಪಿನಲ್ಲಿ ಹೋಗುತ್ತಿತ್ತು.

"ಲೋಟದ ಕಥೆ ಬೇಡ. ಮೊಸರಿನ ಕ್ಯಾನು ಇಟ್ಕೊಂಡು ಸಂಸೆಗೆ ಬನ್ನಿ ನೋಡೋಣ" ಎಂದಳು ರಶ್ಮಿ.

"ತರ್ತೀನಿ. ಒಂದು ಹನಿ ಚೆಲ್ಲಿದ್ರೂ ಕಾರು ಮಾರಿಬಿಡ್ತೀನಿ."

"ಕೇಳಿಸ್ತಾ ಅಮ್ಮ?" ಎಂದು ಅವಳು ಫೋನಿನ ಕಡೆ ತಿರುಗಿದಳು.

"ಕೇಳಿಸ್ತು ಕಣೆ" ಎಂದಿತು ಫೋನಿನೊಳಗಿಂದ ಅತ್ತೆ ಸರೋಜಮ್ಮನವರ ದನಿ. "ಅಳಿಯಂದ್ರು ಮಾತಿಗೆ ತಪ್ಪೋರಲ್ಲ."

ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ಎಳೆಯುವ ಗೇರು ಇನ್ನೂ ಯಾವ ಕಾರಿಗೂ ಬಂದಿಲ್ಲ. ನನ್ನ ಕೆಂಪು ಕಾರಿನ ಹಣೆಬರಹ ಈಗ ಒಂದು ಹನಿ ಮೊಸರಿನ ಮೇಲೆ ನಿಂತಿತ್ತು. ಭಾನುವಾರದ ತನಕ ಇದ್ದ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಕ್ಯಾನು ಹೊರಗೆ ಬಂತು. ರಶ್ಮಿ ಮೇಲೆ ಒಂದಿಷ್ಟು ಜಾಗ ಬಿಟ್ಟು ಮೊಸರು ತುಂಬಿದ್ದಳು. ನಾನು ಮುಚ್ಚಳದ ಕೆಳಗೆ ಬಾಳೆ ಎಲೆ, ಮೇಲೆ ಬಟ್ಟೆ, ಅದರ ಮೇಲೆ ಅಂಗಡಿಯಿಂದ ತಂದ ರಬ್ಬರು ಕಟ್ಟಿ, ಕ್ಯಾನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಎಳೆದು ಎರಡು ಸಲ ಪರೀಕ್ಷಿಸಿದೆ.

"ಇಷ್ಟು ವರ್ಷ ಆಯ್ತು, ನನಗೊಂದು ದಿನ ಹೀಗೆ ಬೆಲ್ಟ್ ಹಾಕಿ ಕೂರಿಸಿದ್ದಿಲ್ಲ" ಎಂದು ರಶ್ಮಿ ಪ್ರಸಾದನ ಜೀಪು ಹತ್ತಿದಳು.

"ಅಣ್ಣ, ಮೊಸರು ನನ್ನ ಜೀಪಿಗೇ ಕೊಡಿ. ಮುದ್ದೆ ಹಾಗೆ ಇಳಿಸ್ತೀನಿ" ಎಂದ ಪ್ರಸಾದ. ಜೀಪಿನವರ ಹೊಟ್ಟೆಕಿಚ್ಚು ಎಂದು ನಕ್ಕು ನಾನು ಮುಂದೆ ಹೊರಟೆ.

ಮಳೆಗಾಲ ಕಳೆದು ರಸ್ತೆಯಲ್ಲಿ ಡಾಂಬರಿಗಿಂತ ಗುಂಡಿಯೇ ಹೆಚ್ಚಾಗಿತ್ತು. ಮೂಡಿಗೆರೆ ದಾಟುವಷ್ಟರಲ್ಲಿ ಕ್ಯಾನಿನೊಳಗಿಂದ ಗುಳುಕ್ ಗುಳುಕ್ ಎಂಬ ಸದ್ದು ಬರತೊಡಗಿತು. ಕಾರು ನಿಲ್ಲಿಸಿ ಬಟ್ಟೆ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದವು. ಒಂದೊಂದನ್ನೂ ಗೆರೆ ಎಳೆದ ಹಾಗೆ ಕತ್ತರಿಸುತ್ತ ಹೋದೆ. ಜಾವಳಿ ಹತ್ತಿರ ಸದ್ದು ಬದಲಾಯಿತು. ಗುಳುಕ್ ಹೋಗಿ ಡುಬುಕ್ ಬಂತು. ಕಳಸ ಬರುವಷ್ಟರಲ್ಲಿ ಅದೂ ನಿಂತು, ಆಗೊಮ್ಮೆ ಈಗೊಮ್ಮೆ ಏನೋ ಮೆತ್ತಗೆ ಮಗ್ಗುಲು ಬದಲಿಸಿದಂತೆ ಕೇಳುತ್ತಿತ್ತು ಅಷ್ಟೆ. ಹೊಸ ಸ್ಪ್ರಿಂಗು ಹೊಂದಿಕೊಳ್ಳಲು ಸ್ವಲ್ಪ ದೂರ ಓಡಬೇಕು ಎಂದು ದಿಲೀಪ ಹೇಳಿದ್ದ. ಹೊಂದಿಕೊಂಡಿತು ಎಂದು ನಾನು ಸ್ಟಿಯರಿಂಗಿಗೆ ಮುತ್ತು ಕೊಟ್ಟೆ.

ಸಂಸೆಯ ಮನೆಯಂಗಳದಲ್ಲಿ ಇಳಿದಾಗ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಆದರೂ ಎಲ್ಲರನ್ನೂ ಕರೆದು ಕ್ಯಾನಿನ ಸುತ್ತ ನಿಲ್ಲಿಸಿ ತೋರಿಸಿದೆ. ಬಟ್ಟೆ ಒಣಗಿತ್ತು. ಸೀಟು ಒಣಗಿತ್ತು. ಅತ್ತೆಯವರು ಸೀಟನ್ನು ಕೈಯಿಂದ ಸವರಿ ನೋಡಿ, "ಒಂದು ಹನಿ ಇಲ್ಲ" ಎಂದು ತೀರ್ಪು ಕೊಟ್ಟರು. ತುಸು ತಡವಾಗಿ ಜೀಪಿನಲ್ಲಿ ಬಂದ ರಶ್ಮಿಗೂ ತೋರಿಸಿದೆ. ಅವಳು ಏನೂ ಹೇಳಲಿಲ್ಲ. ಹೆಂಡತಿ ಏನೂ ಹೇಳದಿರುವುದು ಗೆಲುವಿನ ಗುರುತು ಎಂದು ಆಗ ನಂಬಿದ್ದೆ.

ಮಗು ತೊಟ್ಟಿಲು ಸೇರಿತು. ಎಲೆ ಹಾಕಿದರು. ಮೊದಲ ಪಂಕ್ತಿಯ ಮೊದಲ ಎಲೆಯಲ್ಲಿ ಮಾವನವರು ಕೂತಿದ್ದರು. ಎಲ್ಲ ಮುಗಿದು ಕೊನೆಯ ಅನ್ನ ಬಂದಾಗ ಅದರ ನಡುವೆ ಬೆರಳಿಂದ ಗುಂಡಿ ಮಾಡಿಕೊಂಡು, "ಅಳಿಯಂದ್ರು ತಂದ ಮೊಸರು ಬರ್ಲಿ. ಅವರ ಕೈಯಿಂದಲೇ ಬರ್ಲಿ" ಎಂದರು.

ಪಂಚೆ ಎತ್ತಿ ಕಟ್ಟಿ, ಕ್ಯಾನು ಹಿಡಿದು ಬಂದೆ. ಎಲ್ಲರೂ ನೋಡುತ್ತಿರುವಾಗ ಕಟ್ಟು ಬಿಚ್ಚಿ, ಸೌಟು ಅದ್ದಿ, ಮಾವನವರ ಅನ್ನದ ಗುಂಡಿಗೆ ಸುರಿದೆ. ಬೆಳ್ಳಗಿನ ನೀರು ಬಿತ್ತು. ಅದು ಗುಂಡಿ ತುಂಬಿ, ದಡ ಒಡೆದು, ಕೋಸಂಬರಿಯನ್ನೂ ಉಪ್ಪಿನಕಾಯಿಯನ್ನೂ ತೇಲಿಸಿಕೊಂಡು, ಎಲೆ ದಾಟಿ ಮಾವನವರ ರೇಷ್ಮೆ ಪಂಚೆಯೊಳಗೆ ಹೋಯಿತು. ಗಾಬರಿಯಲ್ಲಿ ಇನ್ನೊಂದು ಸೌಟು ಆಳಕ್ಕೆ ಅದ್ದಿ ಎತ್ತಿದೆ. ಮುಷ್ಟಿಗಾತ್ರದ ಬೆಣ್ಣೆಯ ಉಂಡೆಯೊಂದು ದೊಪ್ಪನೆ ಎಲೆಯ ಮೇಲೆ ಕೂತಿತು.

ಮಾವನವರು ಉಂಡೆಯನ್ನು ನೋಡಿದರು, ಪಂಚೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಳಿಯಂದ್ರೆ, ಮೊಸರು ಎಲ್ಲಿ?"

"ದಾರೀಲಿ ಒಂದು ಹನಿಯೂ ಚೆಲ್ಲಿಲ್ಲ ಮಾವ" ಎಂದೆ.

ಪ್ರಸಾದ ಬಾಯಿಗೆ ಟವೆಲು ತುರುಕಿಕೊಂಡು ಹೊರಗೆ ಓಡಿದ. ಅಂಗಳದಿಂದ ಅವನ ನಗು ಬಹಳ ಹೊತ್ತು ಕೇಳುತ್ತಿತ್ತು. ಮಾವನವರು ಎಲೆ ಬಿಟ್ಟು ಏಳಲಿಲ್ಲ. ಪಕ್ಕದ ಮನೆಯಿಂದ ಎರವಲು ಮೊಸರು ಬರುವ ತನಕ, ಒದ್ದೆ ಪಂಚೆಯಲ್ಲೇ ಕೂತಿದ್ದರು. ಅವರು ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

ಹಿತ್ತಿಲಿಗೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಅಳು ಬರುವುದೊಂದು ಬಾಕಿ. ರಶ್ಮಿ ಬಂದಳು. ಅವಳು ಹೇಳುವ ಮುಂಚೆ ನಾನೇ ಹೇಳಿದೆ. "ಆಯ್ತು ಕಣೆ. ನಾಳೆನೇ ಮಾರಿಬಿಡ್ತೀನಿ."

"ಮಾರೋದಾ? ಯಾಕೆ?" ಎಂದಳು. "ಒಂದು ಹನಿ ಚೆಲ್ಲಿಲ್ಲ. ಮಾತು ಅಂದ್ರೆ ಮಾತು. ಕಾರು ಇರ್ಲಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಂಥ ಧರ್ಮಾತ್ಮಳನ್ನು ಎಷ್ಟು ತಪ್ಪಾಗಿ ತಿಳಿದಿದ್ದೆ ಎಂದು ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಅತ್ತೆಯವರು ಅಂಗೈ ಮೇಲೆ ಬೆಣ್ಣೆ ಹಿಡಿದುಕೊಂಡು ಬಂದರು. "ರಶ್ಮಿ, ನೋಡೆ ಇಲ್ಲಿ. ಕಡಗೋಲಲ್ಲಿ ಕಡೆದ್ರೂ ಇಷ್ಟು ಚೆಂದ ಕೂಡಲ್ಲ. ಇನ್ನೇನು ಮಿಷನ್ ಬೇಕು ನಿಂಗೆ?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಣ್ಣು ಆಗಲೇ ಒಣಗಿತು.

ಊರಿಗೆ ಬಂದ ಮೇಲೆ ತಿರುಪುಗಳನ್ನು ಎಡಕ್ಕೆ ತಿರುಗಿಸಲು ಹೊರಟೆ. ಕೊಟ್ಟಿಗೆಯಿಂದಲೇ ಕೂಗು ಬಂತು. "ಅದಕ್ಕೆ ಕೈ ಹಚ್ಚಿದ್ರೆ ನೋಡಿ!"

ಈಗ ವಾರಕ್ಕೆ ಎರಡು ಬೆಳಿಗ್ಗೆ ರಶ್ಮಿ ಕ್ಯಾನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ತಾನೇ ಬೆಲ್ಟು ಹಾಕಿ ಕಳಿಸುತ್ತಾಳೆ. ಕೊಟ್ಟಿಗೆಹಾರಕ್ಕೆ ಹೋಗಿ ವಾಪಸು. ರಶ್ಮಿಯಿಂದ ಬೆಣ್ಣೆ ಕೊಳ್ಳುವ ನಮ್ಮೂರಿನ ಹೋಟೆಲಿನವರು ನನ್ನ ಕಾರಿನ ಸದ್ದು ಕೇಳಿದರೆ ದೋಸೆಗೆ ಬೆಣ್ಣೆ ಬಂತು ಎನ್ನುತ್ತಾರೆ. ದಿಲೀಪ ಫೋನು ಮಾಡಿ "ಹ್ಯಾಂಡ್ಲಿಂಗ್ ಹೇಗಿದೆ ಸಾರ್?" ಎಂದು ಕೇಳಿದ. ಮನೆಯವರಿಗೆ ತುಂಬ ಇಷ್ಟವಾಗಿದೆ ಎಂದೆ.

ಮೊನ್ನೆ ಮಾತ್ರ ನನ್ನ ಹಳೇ ಶೌರ್ಯ ಎದ್ದು ಕೂತಿತ್ತು. ಒಂದು ಗುಂಡಿಗೂ ಚಕ್ರ ಇಳಿಸದೆ, ಹಾವಿನ ಹಾಗೆ ನುಸುಳಿಕೊಂಡು, ಎಲ್ಲ ತಿರುವುಗಳನ್ನೂ ಗೆದ್ದು ಬಂದು ಅಂಗಳದಲ್ಲಿ ಕಾರು ನಿಲ್ಲಿಸಿದೆ. ಇಂಥ ಡ್ರೈವಿಂಗನ್ನು ಯಾವ ಪ್ಲಾಂಟರೂ ಮಾಡಿರಲಾರ. ರಶ್ಮಿ ಬಂದಳು. ಮುಚ್ಚಳ ತೆಗೆದಳು, ಬಗ್ಗಿ ನೋಡಿದಳು, ಮತ್ತೆ ಮುಚ್ಚಿ ಬಿಗಿಯಾಗಿ ಕಟ್ಟಿದಳು.

"ಬೆಣ್ಣೆ ಇನ್ನೂ ಕೂಡಿಲ್ಲ ರೀ. ಜಾವಳಿ ತನಕ ಹೋಗಿ ಬನ್ನಿ. ಈ ಸಲ ಗುಂಡಿ ತಪ್ಪಿಸ್ಬೇಡಿ."