ಪ್ಲಾಟಿನಂ ಮೂಸೆ, ಒಂದು

ಸ್ಪಿರಿಟ್ಟಣ್ಣನ ನೆಮ್ಮದಿ ಕೆಟ್ಟಿದ್ದು ದಾಸ್ತಾನು ಪುಸ್ತಕದ ಒಂದೇ ಒಂದು ಸಾಲಿನಿಂದ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಅಟೆಂಡರು. ಸ್ಪಿರಿಟ್ ದೀಪ ಹಚ್ಚಿ ಹಚ್ಚಿ ಅಂಟಿಕೊಂಡ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನಿವೃತ್ತಿಗೆ ಇನ್ನೆರಡೇ ತಿಂಗಳು. ಅಲ್ಲಿಯವರೆಗೆ ಯಾವ ಗಾಜೂ ಒಡೆಯದಿರಲಿ ಎಂದು ಬೆಕ್ಕಿನ ಹೆಜ್ಜೆ ಇಡುತ್ತಾ ಓಡಾಡಿಕೊಂಡಿದ್ದ.

ಆ ದಿನ ಬೆಳಗ್ಗೆ ವಿಭಾಗದ ಮುಖ್ಯಸ್ಥೆ, ಗೆದ್ದಲು ರುಚಿ ನೋಡಿಬಿಟ್ಟಿದ್ದ ಹಳೆಯ ದಾಸ್ತಾನು ಪುಸ್ತಕವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಅವರು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಸ್ಪಿರಿಟ್ಟಣ್ಣ, ಮಧ್ಯಾಹ್ನ ಮೂರು ಗಂಟೆಗೆ ತಪಾಸಣೆ ಅಧಿಕಾರಿ ಬರ್ತಿದಾರೆ. ಈ ಪ್ಲಾಟಿನಂ ಮೂಸೆ ಒಂದನ್ನ ಹೊರಗೆ ತೆಗೆದಿಡಿ."

"ಯಾವ ಮೂಸೆ ಮೇಡಂ?"

"ಹದಿನೇಳನೇ ಪುಟದಲ್ಲಿ ಬರೆದಿದೆ ನೋಡಿ. ಪ್ಲಾಟಿನಂ ಮೂಸೆ, ಒಂದು. ಬೂದು ಬಣ್ಣದ ಸಣ್ಣ ಬಟ್ಟಲು, ಒಂದು ನಿಂಬೆಹಣ್ಣು ಹಿಡಿಸೋಷ್ಟು."

ಅಂಥದೊಂದು ಬಟ್ಟಲು ಮೂಲೆಯ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಹತ್ತು ವರ್ಷದ ಹಿಂದೆ ಅದನ್ನು ಲೈಬ್ರರಿ ಮೇಡಮ್ಮಿಗೆ ಕೊಟ್ಟವನೂ ಸ್ಪಿರಿಟ್ಟಣ್ಣನೇ, ಪುಟ ತಿರುವಲು ಬೆರಳು ಒದ್ದೆ ಮಾಡಿಕೊಳ್ಳಲಿ ಎಂದು.

"ಅದೇನು ಬೆಳ್ಳಿಗಿಂತ ಹೆಚ್ಚಾ ಮೇಡಂ?" ಎಂದು ಮೆಲ್ಲಗೆ ಕೇಳಿದ.

"ಬೆಳ್ಳಿನಾ? ಬೆಳ್ಳಿ ವರ್ಷಕ್ಕೆ ಇಪ್ಪತ್ತೈದು ಸಾವಿರ ಟನ್ ಹತ್ತಿರ ಅಗೀತಾರೆ. ಚಿನ್ನ ಮೂರು ಸಾವಿರದ ಮೇಲೆ. ಪ್ಲಾಟಿನಂ ಇನ್ನೂರು ಟನ್ನು ದಾಟಿದ್ರೆ ದೊಡ್ಡದು. ಇವತ್ತಿನ ತನಕ ಭೂಮಿಯಿಂದ ತೆಗೆದಿದ್ದನ್ನೆಲ್ಲ ಕರಗಿಸಿ ಸುರಿದ್ರೂ ಹೆಚ್ಚುಕಮ್ಮಿ ನಮ್ಮ ಈ ಲ್ಯಾಬಿನಷ್ಟು ಜಾಗ ಸಾಕು."

ಸ್ಪಿರಿಟ್ಟಣ್ಣ ಲ್ಯಾಬನ್ನು ನೆಲದಿಂದ ಸೂರಿನವರೆಗೆ ಒಮ್ಮೆ ನೋಡಿದ. ಇಡೀ ಪ್ರಪಂಚದ ಪ್ಲಾಟಿನಂ ಇಷ್ಟೇ ಇದ್ದು, ಅದರಲ್ಲಿ ತನ್ನ ಕೈಗೆ ಬಂದಿದ್ದ ಒಂದು ಬಟ್ಟಲನ್ನು ಎಂಜಲು ಬೆರಳಿಗೆ ದಾನ ಮಾಡಿಬಿಟ್ಟೆನಲ್ಲ ಎಂದುಕೊಂಡ. "ಇಲ್ಲೇ ಎಲ್ಲೋ ಇರತ್ತೆ, ತರ್ತೀನಿ" ಎಂದು ಹೊರಬಿದ್ದ.

ಲೈಬ್ರರಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಆ ಬಟ್ಟಲಾ? ಗಣಿತದ ಮೇಷ್ಟ್ರು ತಲೆಗೆ ಬಣ್ಣ ಕಲಸೋಕೆ ಬೇಕು ಅಂದ್ರು, ಕೊಟ್ಟುಬಿಟ್ಟೆ. ಯಾಕೆ?"

"ಸುಮ್ನೆ ಕೇಳಿದೆ."

ಇಪ್ಪತ್ತೆಂಟು ವರ್ಷದಲ್ಲಿ ಸ್ಪಿರಿಟ್ಟಣ್ಣ ಲೈಬ್ರರಿಗೆ ಸುಮ್ಮನೆ ಬಂದವನೇ ಅಲ್ಲ. ಮೇಡಂ ಅವನನ್ನು ಕೂರಿಸಿ, ನೀರು ಕೊಟ್ಟು, ಹತ್ತೇ ನಿಮಿಷದಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಸಿದರು. "ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗಲ್ಲ" ಎಂದು ಧೈರ್ಯವನ್ನೂ ಹೇಳಿದರು. ಅಕ್ಷರ ನಿಜಕ್ಕೂ ಬಾಯಿಂದ ಹೋಗಲಿಲ್ಲ, ಮೊಬೈಲಿನಿಂದ ಹೋಯಿತು. ಅವನು ಎರಡು ಮಹಡಿ ಹತ್ತುವಷ್ಟರಲ್ಲಿ ಗಣಿತದ ಮೇಷ್ಟ್ರು ಕಾಗದ ಪೆನ್ನು ಹಿಡಿದು ಕಾಯುತ್ತಿದ್ದರು.

"ಬಾರಯ್ಯ. ವರ್ಷಕ್ಕೆ ಇನ್ನೂರು ಟನ್, ಪ್ರಪಂಚದಲ್ಲಿ ಎಂಟುನೂರು ಕೋಟಿ ಜನ. ತಲೆಗೆ ಇಪ್ಪತ್ತೈದು ಮಿಲಿಗ್ರಾಂ ಬಂತು. ನಿನ್ನ ಬಟ್ಟಲು ನಲವತ್ತು ಗ್ರಾಂ ಇದ್ದಿರಬಹುದಾ?"

"ಇದ್ದಿರಬಹುದು ಸಾರ್."

"ಹಾಗಾದ್ರೆ ಸಾವಿರದ ಆರುನೂರು ಜನರ ಒಂದು ವರ್ಷದ ಪಾಲನ್ನ ನೀನೊಬ್ಬನೇ ಕಳೆದಿದೀಯ."

"ಕಳೆದಿದ್ದು ನೀವಲ್ವಾ ಸಾರ್? ಕೊನೆಗೆ ನಿಮ್ಮ ಹತ್ರಾನೇ ಇತ್ತಂತೆ."

ಮೇಷ್ಟ್ರು ತಮ್ಮ ತಲೆ ಸವರಿಕೊಂಡರು. ಅಲ್ಲಿ ಈಗ ಕೈಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. "ಬಣ್ಣ ಹಚ್ಚೋ ಜಾಗವೇ ಖಾಲಿ ಆದ್ಮೇಲೆ ಬಟ್ಟಲು ಯಾಕೆ ಅಂತ ಯಾರಿಗೋ ಕೊಟ್ಟೆ. ಯಾರಿಗೆ ಅಂತ ಮಾತ್ರ ಕೇಳ್ಬೇಡ, ನೆನಪಿಲ್ಲ."

ಸ್ಪಿರಿಟ್ಟಣ್ಣ ಬರಿಗೈಯಲ್ಲಿ ಲ್ಯಾಬಿಗೆ ವಾಪಸು ಬಂದರೆ ಬಾಗಿಲಲ್ಲಿ ಸಾಲು ನಿಂತಿತ್ತು. ಬೆಳಗ್ಗೆ ಕಾಲೇಜಿನಲ್ಲಿ ಒಂದೂ ಇಲ್ಲದ ಪ್ಲಾಟಿನಂ, ಹನ್ನೆರಡು ಗಂಟೆಯ ಹೊತ್ತಿಗೆ ಹನ್ನೊಂದು ಜನರ ಕೈಯಲ್ಲಿತ್ತು. ದೈಹಿಕ ಶಿಕ್ಷಣದ ಮೇಷ್ಟ್ರು ಯಾವುದೋ ಕಾಲದಲ್ಲಿ ಗೆದ್ದ ಕಪ್ಪಿನ ಮುಚ್ಚಳ ತಂದಿದ್ದರು. ಕಾವಲುಗಾರ ಸೈಕಲ್ಲಿನ ಬೆಲ್ ಬಿಚ್ಚಿಕೊಂಡು ಬಂದಿದ್ದ. ಲೈಬ್ರರಿ ಮೇಡಂ ಅಜ್ಜಿಯ ಪೌಡರ್ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು.

"ನಿಮ್ಮ ಮೂಸೆ ಇದಲ್ಲ, ನಂಗೊತ್ತು" ಎಂದರು ಅವರು. "ಆದ್ರೂ ಒಂದ್ಸಲ ನೋಡ್ಬಿಡಿ. ನಮ್ಮಜ್ಜಿ ಸಾಮಾನ್ಯದವಳಲ್ಲ."

ಮುಖ್ಯಸ್ಥೆಗೂ ಹುರುಪು ಬಂದುಬಿಟ್ಟಿತು. ತಕ್ಕಡಿ, ನೀರು, ಅಳತೆಯ ಜಾಡಿ ಎಲ್ಲ ಮೇಜಿಗೆ ಬಂದವು. "ಅಷ್ಟೇ ಗಾತ್ರದ ನೀರಿಗಿಂತ ಬೆಳ್ಳಿ ಹತ್ತೂವರೆ ಪಟ್ಟು ಭಾರ, ಚಿನ್ನ ಹತ್ತೊಂಬತ್ತು, ಪ್ಲಾಟಿನಂ ಇಪ್ಪತ್ತೊಂದು. ಅದಕ್ಕಿಂತ ಕಮ್ಮಿ ಬಂದ್ರೆ ಯಾರೂ ನನ್ನ ಮೇಲೆ ಮುನಿಸ್ಕೋಬಾರ್ದು."

ಪೌಡರ್ ಡಬ್ಬಿ ಎರಡೂಮುಕ್ಕಾಲಿಗೆ ನಿಂತಿತು. "ಅಲ್ಯೂಮಿನಿಯಂ" ಎಂದರು ಮುಖ್ಯಸ್ಥೆ. ಲೈಬ್ರರಿ ಮೇಡಂ ಅಜ್ಜಿಯ ಮೇಲೆ ಇದ್ದಬದ್ದ ಗೌರವವನ್ನೆಲ್ಲ ಆ ಕ್ಷಣವೇ ಹಿಂದಕ್ಕೆ ತೆಗೆದುಕೊಂಡರು. ಬೆಲ್ಲು ಎಂಟು ಮುಟ್ಟಲು ಒದ್ದಾಡಿತು. ಹನ್ನೊಂದೂ ಮುಗಿಯುವ ಹೊತ್ತಿಗೆ ಗಡಿಯಾರ ಎರಡು ಹೊಡೆದಿತ್ತು. ಸ್ಪಿರಿಟ್ಟಣ್ಣ ಒಂದು ಲೋಟ ಚಹಾ ಕುಡಿದೇ ಸಾಯೋಣ ಎಂದುಕೊಂಡು ಊಟದ ಕ್ಯಾರಿಯರ್ ಎತ್ತಿಕೊಂಡು ಕ್ಯಾಂಟೀನಿಗೆ ಹೋದ.

ಕ್ಯಾಂಟೀನಿನ ಅಕ್ಕ ಲೋಟಕ್ಕೆ ಸಕ್ಕರೆ ಹಾಕುತ್ತಿದ್ದಳು, ಬೂದು ಬಣ್ಣದ ಒಂದು ಸಣ್ಣ ಬಟ್ಟಲಿನಿಂದ.

ಸ್ಪಿರಿಟ್ಟಣ್ಣ ಮುಖದಲ್ಲಿ ಏನೂ ತೋರಿಸಿಕೊಳ್ಳಬಾರದೆಂದು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ಕೇಳಿದ, "ಅಕ್ಕಾ, ಈ ಬಟ್ಟಲು ಎಲ್ಲಿದು?"

"ಬೋಳುಮೇಷ್ಟ್ರು ಕೊಟ್ಟಿದ್ದು. ನೋಡೋಕೆ ಇಷ್ಟೇ ಇಷ್ಟು, ಕೈಗೆ ಭಾರ. ಒಲೆ ಮೇಲಿಟ್ರೂ ಕಪ್ಪಾಗಲ್ಲ, ತುಕ್ಕು ಹಿಡಿಯಲ್ಲ."

"ನಂಗೆ ಕೊಡ್ತೀಯಾ? ಸುಮ್ನೆ, ಆಸೆ ಆಯ್ತು."

"ಬೆಳಗ್ಗಿಂದ ಕಾಲೇಜಿಗೆ ಕಾಲೇಜೇ ಬಟ್ಟಲು ಹುಡುಕ್ತಿದೆ, ನಿಂಗೆ ಸುಮ್ನೆ ಆಸೆ ಆಯ್ತಾ?" ಅಕ್ಕ ನಕ್ಕಳು. "ಬಂಗಾರಕ್ಕಿಂತ ಅಪರೂಪ ಅಂತೆ. ಇದ್ರೆ ಇರ್ಲಿ, ನಂಗೆ ಸಕ್ಕರೆ ಅಳೆಯೋಕೆ ಬಲು ಸಣ್ಣದಾಗತ್ತೆ. ನಿನ್ನ ಕ್ಯಾರಿಯರ್ ಕೊಡು, ತಗೊಂಡು ಹೋಗು."

"ಅದರಲ್ಲಿ ನನ್ನ ಊಟ ಇದೆ ಅಕ್ಕಾ."

"ಊಟಾನೂ ಇರ್ಲಿ."

ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರನ್ನು ಊಟದ ಸಮೇತ ಕಳೆದುಕೊಂಡ ಸ್ಪಿರಿಟ್ಟಣ್ಣ ಬಟ್ಟಲನ್ನು ಎದೆಗವಚಿಕೊಂಡು ಓಡಿದ. ತಕ್ಕಡಿ ಒಂದಿಷ್ಟೂ ಅನುಮಾನಕ್ಕೆ ಎಡೆ ಕೊಡಲಿಲ್ಲ. ಇಪ್ಪತ್ತೊಂದು ಪಟ್ಟು, ಮೇಲೆ ಸ್ವಲ್ಪ. ಮುಖ್ಯಸ್ಥೆ ಅವನ ಬೆನ್ನು ತಟ್ಟಿದರು. ಗಣಿತದ ಮೇಷ್ಟ್ರು, "ಸಾವಿರದ ಆರುನೂರು ಜನ ನಿನ್ನನ್ನ ಹರಸ್ತಾರೆ" ಎಂದರು. ಸ್ಪಿರಿಟ್ಟಣ್ಣನ ಕಣ್ಣು ತುಂಬಿ ಬಂತು.

ಮೂರು ಗಂಟೆಗೆ ಸರಿಯಾಗಿ ತಪಾಸಣೆ ಅಧಿಕಾರಿ ಬಂದರು. ಸಣಕಲು ಮನುಷ್ಯ, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದವರಂತಿದ್ದರು. ಬಿಳಿ ಬಟ್ಟೆಯ ಮೇಲೆ ಮೂಸೆ ಫಳಫಳ ಹೊಳೆಯುತ್ತಿತ್ತು.

"ಇದೇನು?"

"ಪ್ಲಾಟಿನಂ ಮೂಸೆ ಸಾರ್, ಒಂದು. ಹದಿನೇಳನೇ ಪುಟ" ಎಂದರು ಮುಖ್ಯಸ್ಥೆ ಹೆಮ್ಮೆಯಿಂದ.

ಅಧಿಕಾರಿ ಹದಿನೇಳನೇ ಪುಟ ನೋಡಿದರು. ಅಷ್ಟಕ್ಕೆ ನಿಲ್ಲಿಸದೆ ಒಂದೊಂದೇ ಹಾಳೆ ತಿರುವುತ್ತಾ ಹೋಗಿ ಎಂಬತ್ತೊಂದರಲ್ಲಿ ಬೆರಳಿಟ್ಟರು.

"ಇಲ್ಲಿ ನೋಡಿ. ಒಡೆದ ಸಾಮಾನಿನ ಪಟ್ಟಿ. ಇಪ್ಪತ್ತೆಂಟು ವರ್ಷದ ಹಿಂದಿನದು. ಬೀಕರು ಹದಿನಾಲ್ಕು, ಟೆಸ್ಟ್‌ಟ್ಯೂಬು ಅರವತ್ತು, ಪ್ಲಾಟಿನಂ ಮೂಸೆ ಒಂದು. 'ಇವೆಲ್ಲವೂ ನನ್ನ ಕೈಜಾರಿ ಬಿದ್ದು ಚೂರುಚೂರಾಗಿದ್ದು, ಚೂರುಗಳನ್ನು ಗುಡಿಸಿ ಎಸೆದಿರುತ್ತೇನೆ.' ಪುಸ್ತಕದ ಪ್ರಕಾರ ನಿಮ್ಮಲ್ಲಿ ಪ್ಲಾಟಿನಮ್ಮೇ ಇಲ್ಲ."

ಅಧಿಕಾರಿ ಮೂಸೆಯನ್ನು ಎತ್ತಿ, ಮೇಜಿನೆತ್ತರದಿಂದ ಕೈಬಿಟ್ಟರು. ಅದು ಠಣ್ಣೆಂದು ನೆಲಕ್ಕೆ ಬಿದ್ದು, ಎರಡು ಸುತ್ತು ಉರುಳಿ, ಏನೂ ಆಗದಂತೆ ಸ್ಪಿರಿಟ್ಟಣ್ಣನ ಪಾದದ ಹತ್ತಿರ ಹೋಗಿ ನಿಂತಿತು.

"ಸಾಮಾನು ಕಮ್ಮಿ ಬಂದ್ರೆ ಒಂದು ವಿವರಣೆ ಸಾಕು" ಎಂದರು ಅಧಿಕಾರಿ. "ಹೆಚ್ಚು ಬಂದ್ರೆ ವಿಚಾರಣೆ. ಒಡೆದುಹೋಯ್ತು ಅಂತ ಬರೆದುಕೊಟ್ಟು ಇಷ್ಟು ವರ್ಷ ಇದನ್ನ ಯಾರು ಇಟ್ಕೊಂಡಿದ್ರು?"

ಲೈಬ್ರರಿ ಮೇಡಂ ಫ್ಯಾನನ್ನು ನೋಡಿದರು. ಗಣಿತದ ಮೇಷ್ಟ್ರು, "ನಾನಂತೂ ಈ ಬಟ್ಟಲನ್ನ ನೋಡ್ತಿರೋದೇ ಇವತ್ತು" ಎಂದರು.

"ಪಟ್ಟಿಯ ಕೆಳಗೆ ಸಹಿ ಇದೆ. ಇದು ಯಾರದು?"

ಸ್ಪಿರಿಟ್ಟಣ್ಣ ಬಗ್ಗಿ ನೋಡಿದ. ಅಪ್ಪ ಅಮ್ಮ ಇಟ್ಟ ಹೆಸರು, ದುಂಡನೆಯ ಅಕ್ಷರದಲ್ಲಿ. ಕೆಲಸಕ್ಕೆ ಸೇರಿದ ಮೊದಲ ವಾರ ಆಗಿನ ಮುಖ್ಯಸ್ಥರು ಹಾಳೆಯೊಂದನ್ನು ಮುಂದಿಟ್ಟು "ಇಲ್ಲೊಂದು ಸಹಿ ಹಾಕಪ್ಪ" ಎಂದದ್ದು, ತಾನು ಓದದೆ ಹಾಕಿದ್ದು, ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

"ನಂದೇ ಸಾರ್."

"ಇದಕ್ಕೇನು ಹೇಳ್ತೀರಿ?"

ಸ್ಪಿರಿಟ್ಟಣ್ಣ ನೆಲದಿಂದ ಮೂಸೆಯನ್ನು ಎತ್ತಿಕೊಂಡು, ಎಲ್ಲಾದರೂ ಒಂದು ಸಣ್ಣ ಬಿರುಕಾದರೂ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ.

"ಇನ್ನೊಂದ್ಸಲ ಬೀಳಿಸ್ಲಾ ಸಾರ್? ಸ್ವಲ್ಪ ಮೇಲಿಂದ. ಈ ಸಲ ಒಡೆದ್ರೂ ಒಡೀಬಹುದು."