ಹನ್ನೊಂದು ಸಲ ಓದಿದ ಪುಸ್ತಕ

ತಪ್ಪೆಲ್ಲ ಮಗಳ ಕೈಯದು. "ನಿಮ್ಮನೇಲಿ ಪುಸ್ತಕ ಓದೋರು ಯಾರಿದ್ದಾರೆ?" ಎಂದು ಮೂರನೇ ಕ್ಲಾಸಿನ ಟೀಚರು ಕೇಳಿದಾಗ, ಮೂವತ್ತೆರಡು ಮಕ್ಕಳ ನಡುವೆ ಮೇಲೆದ್ದದ್ದು ಆ ಒಂದೇ ಕೈ.

"ನಮ್ಮಪ್ಪ ಟೀಚರ್! ಒಂದೇ ಪುಸ್ತಕಾನ ಹನ್ನೊಂದು ಸಲ ಓದಿದ್ದಾರೆ!"

ಹೀಗಾಗಿ ಲಿಫ್ಟ್ ರಿಪೇರಿ ಮಾಡುವ ಅಪ್ಪ ಶುಕ್ರವಾರ ಹತ್ತು ಗಂಟೆಗೆ ತರಗತಿಗೆ ಬಂದು ತನ್ನ ಮೆಚ್ಚಿನ ಪುಸ್ತಕದ ಬಗ್ಗೆ ಮಾತಾಡಬೇಕೆಂದು ತೀರ್ಮಾನವಾಯಿತು.

ಅದೊಂದು ಪತ್ತೇದಾರಿ ಕಾದಂಬರಿ. ಯಾವುದೋ ಲಿಫ್ಟಿನ ನೆತ್ತಿಯ ಮೇಲೆ ಗ್ರೀಸ್ ಮೆತ್ತಿಕೊಂಡು ಬಿದ್ದಿದ್ದದ್ದು ಅವನಿಗೆ ಸಿಕ್ಕಿತ್ತು. ಮುತ್ತಿನ ಹಾರ ಕಳುವಾಗಿದೆ, ತೋಟದವನಿಂದ ಹಿಡಿದು ಮನೆಯೊಡತಿಯ ತಂಗಿಯವರೆಗೆ ಏಳು ಜನರ ಮೇಲೆ ಅನುಮಾನ. ಪತ್ತೇದಾರ ಏಳೂ ಜನರನ್ನು ಒಂದು ಕೋಣೆಗೆ ಸೇರಿಸಿ, "ಕಳ್ಳ ಇಲ್ಲೇ ಇದ್ದಾನೆ" ಎಂದು ಬೆರಳೆತ್ತುತ್ತಾನೆ. ಅಲ್ಲಿಂದ ಮುಂದಿನ ಪುಟಗಳೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತ್ತು. ಮೂರನೇ ಮಹಡಿಯ ಪ್ರೊಫೆಸರು ಲೋಕದ ಇತಿಹಾಸವನ್ನು ತಂದು ಅವನ ಕೈಗಿಟ್ಟರು. ಮೋಟಾರು ಹೊತ್ತು ಪಳಗಿದ ತೋಳೂ ಮೊಣಕಾಲವರೆಗೆ ಜಗ್ಗಿತು. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಒಸಡಿನ ಆರೈಕೆಯ ಮೇಲೊಂದು ಪುಸ್ತಕ ಸೇರಿಸಿದರು. ಕೆಳಗಿನ ಮನೆಯ ಅತ್ತಿಗೆ ದಾರಿಗೆ ಅಡ್ಡ ನಿಂತಳು.

"ಆ ಎಣ್ಣೆ ಜಿಡ್ಡಿನ ಪುಸ್ತಕ ತಗೊಂಡು ಹೋಗಿ ಮಾನ ಕಳೀಬೇಡ ಮಾರಾಯ! ಇಗೋ, ನೀತಿ ಕತೆ. ಇದೇ ಇಷ್ಟ ಅಂತ ಹೇಳು."

"ನಾನಿದನ್ನ ಓದೇ ಇಲ್ವಲ್ಲ ಅತ್ತಿಗೆ?"

"ನಾನು ಓದಿದ್ದೀನಾ? ಸುಮ್ನೆ ಹೇಳೋದಪ್ಪ!"

ಅವನಿಗೆ ರೇಗಿತು. ಅಷ್ಟನ್ನೂ ಮೆಟ್ಟಿಲ ಮೇಲೆ ಪೇರಿಸಿದ. "ಓದದೇ ಇರೋ ಪುಸ್ತಕ ಇಷ್ಟ ಅಂತ ಮಕ್ಕಳ ಮುಂದೆ ಸುಳ್ಳು ಹೇಳಲ್ಲ. ಮಾನ ಹೋದ್ರೆ ಹೋಗ್ಲಿ!" ಎಂದವನೇ ಹೊರಟುಬಿಟ್ಟ.

ತರಗತಿಯಲ್ಲಿ ಮೊದಲ ಐದು ನಿಮಿಷ ಅವನ ನಾಲಿಗೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಂತೆ ನಿಂತುಬಿಟ್ಟಿತು. ಆಮೇಲೆ ಹಾರ ಕಳುವಾಯಿತು ನೋಡಿ, ಅವನು ತನ್ನನ್ನೇ ಮರೆತ. ಕುಂಟುತ್ತಾ ತೋಟದವನಾದ, ಮೂಗೆಳೆಯುತ್ತಾ ಅಡುಗೆಯವಳಾದ. ಮಕ್ಕಳು ಬೆಂಚು ಬಿಟ್ಟು ಅವನ ಕಾಲಬುಡಕ್ಕೆ ಬಂದು ಕೂತರು. ಅವನು ಟೀಚರ ಸ್ಕೇಲನ್ನೇ ಪಿಸ್ತೂಲಾಗಿಸಿ ಎತ್ತಿದ ಗಳಿಗೆಗೇ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಕಾಣಿಸಿಕೊಂಡರು.

"ಏನ್ರೀ ಇದು? ಕಳ್ಳತನ, ಪಿಸ್ತೂಲು! ಇದರಿಂದ ಮಕ್ಕಳು ಏನ್ ಕಲೀತಾರೆ?"

ಅವನು ಪುಸ್ತಕವನ್ನು ಎದೆಗೊತ್ತಿಕೊಂಡ. "ಮುಂದಿನ ಪುಟದಲ್ಲಿ ಏನಿದೆ ಅಂತ ಕೇಳೋದು ಕಲೀತಾರೆ ಮೇಡಂ. ಅಷ್ಟು ಕಲಿತ್ರೆ ಮಿಕ್ಕಿದ್ದನ್ನೆಲ್ಲ ಅವರೇ ಹುಡುಕ್ಕೊಂಡು ಓದ್ತಾರೆ."

"ಕೊಡಿ ಆ ಪುಸ್ತಕ."

"ಕೊಡಲ್ಲ. ಕತೆ ಮುಗಿದಿಲ್ಲ."

"ಮುಗಿದಿಲ್ಲ!" ಎಂದು ಮೂವತ್ತೆರಡು ಗಂಟಲು ಕೂಗಿದವು. ಟೀಚರು ಕಿಟಕಿಯ ಕಡೆ ತಿರುಗಿ ನಗು ನುಂಗಿದರು.

ಅವನು ಬೆರಳೆತ್ತುವವರೆಗೂ ಹೇಳಿದ. ಮುಂದಿನ ಪುಟಗಳಿಲ್ಲವೆಂದಾಗ ತರಗತಿಯೇ ಹೊತ್ತಿಕೊಂಡಿತು. ತೋಟದವನೇ ಎಂದು ಒಂದು ಗುಂಪು, ಅಡುಗೆಯವಳೇ ಎಂದು ಇನ್ನೊಂದು. ಬೆಲ್ಲು ಹೊಡೆದರೂ ಒಬ್ಬರೂ ಏಳಲಿಲ್ಲ. ಆ ಗದ್ದಲದಲ್ಲಿ ಮುಖ್ಯೋಪಾಧ್ಯಾಯಿನಿ ಮೇಜಿನ ಮೇಲಿದ್ದ ಪುಸ್ತಕವನ್ನು ಕಂಕುಳಿಗೆ ಸೇರಿಸಿದರು.

"ಪರಿಶೀಲನೆಗೆ ತಗೊಂಡಿದ್ದೀನಿ. ನಾಲ್ಕು ಗಂಟೆಗೆ ಬನ್ನಿ."

ನಾಲ್ಕಕ್ಕೆ ಹೋದರೆ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಸ್ಟೂಲಿನ ಮೇಲೆ ನರೆತ ಮೀಸೆಯ ಅಟೆಂಡರು ಕಾವಲು ಕೂತಿದ್ದ. "ಯಾರನ್ನೂ ಬಿಡಬೇಡ ಅಂದಿದ್ದಾರೆ. ಮಧ್ಯಾಹ್ನ ಊಟಾನೂ ಮಾಡಿಲ್ಲ," ಎಂದು ಪಿಸುಗುಟ್ಟಿದ.

ಐದೂವರೆಗೆ ಬಾಗಿಲು ತೆರೆಯಿತು. ಅವರ ಕನ್ನಡಕ ಹಣೆಗೇರಿತ್ತು, ಕೂದಲು ಕೆದರಿತ್ತು.

"ನಿಜವಾಗ್ಲೂ ಮುಂದಿನ ಪುಟ ಇಲ್ವೇನ್ರೀ?"

"ಇಲ್ಲ ಮೇಡಂ."

"ಆ ತಂಗೀನೇ ಕದ್ದಿರೋದು. ಬೇಕಾದ್ರೆ ಬರ್ಕೊಡ್ತೀನಿ!"

ಗೆದ್ದೆನೆಂದು ಅವನ ಎದೆ ಉಬ್ಬಿತು. "ಹಾಗಾದ್ರೆ ಮಕ್ಕಳು ಓದಬಹುದು?"

"ಓದ್ಲೇಬೇಕು! ನಾಳೆಯಿಂದ ದಿನಾ ಒಂದು ಪೀರಿಯಡ್ ಬರೀ ಓದೋದಕ್ಕೇ."

"ಸಂತೋಷ ಮೇಡಂ. ನನ್ನ ಪುಸ್ತಕ?" ಎಂದು ಅವನು ಕೈ ಚಾಚಿದ. ಹನ್ನೆರಡನೇ ಸಲಕ್ಕೆ ಮನಸ್ಸು ಆಗಲೇ ಸಜ್ಜಾಗಿತ್ತು.

ಅವರು ಆ ಕೈಗೆ ಪುಸ್ತಕದ ಬದಲು ಒಂದು ಪಟ್ಟಿ ಕೊಟ್ಟರು. ಮೂವತ್ತೆರಡು ಮಕ್ಕಳು, ಅವರ ಕೆಳಗೆ ಮೂರನೇ ಕ್ಲಾಸಿನ ಟೀಚರು, ಡ್ರಿಲ್ ಮೇಷ್ಟ್ರು, ಸಂಗೀತದ ಟೀಚರು. ಒಬ್ಬೊಬ್ಬರಿಗೂ ಒಂದೊಂದು ವಾರ.

"ಪುಸ್ತಕ ಅಂದ್ಮೇಲೆ ಹಂಚಿಕೊಂಡು ಓದ್ಬೇಕು, ಅಲ್ವೇನ್ರೀ? ನಿಮ್ಮ ಹೆಸರೂ ಸೇರಿಸ್ಲಾ? ಮೂವತ್ತಾರನೇ ನಂಬರು."

ಅವನು ಪಟ್ಟಿಯಿಂದ ತಲೆಯೆತ್ತಿದ. "ಬರ್ಕೊಳ್ಳಿ. ಆದ್ರೆ ಒಬ್ಬರೂ ಪುಟ ಮಡಿಸಕೂಡದು!"

ಹಿಂದಿನಿಂದ ಅಟೆಂಡರು ಕೆಮ್ಮಿದ. "ಮೂವತ್ತಾರು ನಂದು ಅಣ್ಣಾ, ಮಧ್ಯಾಹ್ನಾನೇ ಹೇಳಿಟ್ಟಿದ್ದೀನಿ. ನೀವು ಮೂವತ್ತೇಳು."