ಅಪ್ಪನ ಸ್ಲೈಡ್ ರೂಲ್ ಹುಡುಕುತ್ತಾ

ಹಳೆಯ ಸ್ಲೈಡ್ ರೂಲ್ ಹುಡುಕಿಕೊಂಡು ಹೊರಟವನಿಗೆ ಅದು ಸಿಗುವ ಮೊದಲು ನಗುವ ಜನ ಸಿಗುತ್ತಾರೆ. ಸ್ಲೈಡ್ ರೂಲ್ ಎಂದರೇನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕ್ಯಾಲ್ಕುಲೇಟರ್ ಬರುವ ಮುಂಚೆ ಇಂಜಿನಿಯರುಗಳು ಲೆಕ್ಕಕ್ಕೆ ಬಳಸುತ್ತಿದ್ದ ಪಟ್ಟಿ ಅದು. ನೋಡಲು ಅಡಿಪಟ್ಟಿಯಂತೆ, ಆದರೆ ಅಡಿಪಟ್ಟಿಯಲ್ಲ. ನಡುವೆ ಇನ್ನೊಂದು ಪಟ್ಟಿ ಜಾರುತ್ತದೆ. ಜಾರಿಸಿದರೆ ಗುಣಾಕಾರದ ಉತ್ತರ ಸಿಗುತ್ತದೆ.

ನಮ್ಮಪ್ಪ ಕಾಲುವೆ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಎದೆನೋವು ಬಂದು ತೀರಿಕೊಂಡರು. ಅವರ ಸ್ಲೈಡ್ ರೂಲ್ ಮನೆಯಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಅದರ ಹಿಂಬದಿಯಲ್ಲಿ ಅಪ್ಪ ಕೈವಾರದ ಮೊನೆಯಿಂದ ತಮ್ಮ ಹೆಸರು ಕೆತ್ತಿದ್ದರು. ಅವರ ಅಕ್ಷರ ಬೇರೆಲ್ಲೂ ಉಳಿದಿಲ್ಲ. ಅದೊಂದು ಸಿಗಲಿ ಎಂದು ಭಾನುವಾರ ಬಂದರೆ ಚಿತ್ರದುರ್ಗದಿಂದ ಬಸ್ ಹತ್ತುತ್ತೇನೆ. ಈವರೆಗೆ ಹನ್ನೊಂದು ಕೂಡಿಸಿದ್ದೇನೆ. ಒಂದೂ ಅಪ್ಪನದಲ್ಲ.

ಹೊಳಲ್ಕೆರೆಯ ಟೈಲರ್

ಹೊಳಲ್ಕೆರೆಯ ಟೈಲರೊಬ್ಬರ ಹತ್ತಿರ ಒಂದಿದೆ ಎಂದು ಕೇಳಿ ಹೋದೆ. ಹಿಂಬದಿ ತಿರುಗಿಸಿ ನೋಡಿದೆ. ಯಾರದೋ ಹೆಸರು. ಟೈಲರಿಗೆ ಅದರ ಮೇಲೆ ಬಹಳ ಸಿಟ್ಟಿತ್ತು.

“ಇದನ್ನ ಮಾಡ್ದೋನಿಗೆ ಬುದ್ಧಿ ಐತೇನ್ರಿ? ಒಂದರಿಂದ ಎರಡಕ್ಕೆ ಇಷ್ಟುದ್ದ, ಎಂಟರಿಂದ ಒಂಬತ್ತಕ್ಕೆ ಬೆರಳಗಲ! ಇದ್ರಾಗೆ ಅಳ್ದು ಒಂದು ಜುಬ್ಬ ಹೊಲ್ದೆ. ಒಂದು ತೋಳು ಮೊಣಕೈಗೇ ನಿಲ್ತು.”

ಈ ಪಟ್ಟಿಯಲ್ಲಿ ಅಂಕಿಗಳು ಹೋಗುತ್ತಾ ಹೋಗುತ್ತಾ ಹತ್ತಿರವಾಗುತ್ತವೆ, ಅದು ತಪ್ಪಲ್ಲ ಎಂದು ವಿವರಿಸಿದೆ. ನಮ್ಮಪ್ಪ ಇದರಿಂದಲೇ ಕಾಲುವೆಯ ಲೆಕ್ಕ ಹಾಕುತ್ತಿದ್ದರು ಎಂದೂ ಹೇಳಿದೆ.

“ಇದ್ರಾಗಾ?” ಟೈಲರ್ ಕತ್ತರಿ ಕೆಳಗಿಟ್ಟರು. “ಅದಕ್ಕೇ ನೋಡ್ರಿ, ನಮ್ಮ ಹೊಲಕ್ಕೆ ಇನ್ನೂ ನೀರು ಬಂದಿಲ್ಲ!”

ಹಿರಿಯೂರು ಬಸ್ ಸ್ಟ್ಯಾಂಡ್

ಹಿರಿಯೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದೂ ಅಪ್ಪನದಾಗಿರಲಿಲ್ಲ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಒರೆಸುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಕುರಿ ಸಾಕುವವರೊಬ್ಬರು ಕಂಬಳಿ ಹೊದ್ದು ಕುಳಿತಿದ್ದರು. ಇದೇನೆಂದು ಕೇಳಿದರು. ಗುಣಾಕಾರ ಮಾಡುತ್ತದೆ ಎಂದೆ.

“ಹನ್ನೆರಡು ಕುರಿಗೆ ಎಷ್ಟು ಕಾಲು? ಹೇಳ್ಸಿ.”

ಜಾರಿಸಿದೆ. “ನಾಲ್ಕು ಪಾಯಿಂಟ್ ಎಂಟು.”

“ಕುರಿ ಕುಂಟ್ತಾವೇನ್ರಿ?”

ಇಲ್ಲಿ ಒಂದು ವಿಷಯ ಹೇಳಬೇಕು. ಸ್ಲೈಡ್ ರೂಲ್ ಅಂಕಿಗಳನ್ನಷ್ಟೇ ಕೊಡುತ್ತದೆ. ಅದು ನಾಲ್ಕೋ, ನಲವತ್ತೋ, ನಾನೂರೋ ಎನ್ನುವುದನ್ನು ನಾವೇ ಅಂದಾಜು ಮಾಡಿಕೊಳ್ಳಬೇಕು. ಅವರಿಗೂ ಹಾಗೇ ಹೇಳಿದೆ.

“ಅಂದ್ರೆ ಉತ್ತರ ಮೊದ್ಲೇ ಗೊತ್ತಿರ್ಬೇಕು. ಗೊತ್ತಿದ್ ಮ್ಯಾಲೆ ಈ ಕಡ್ಡಿ ಯಾಕ್ರಿ ಸ್ವಾಮಿ?”

“ನಮ್ಮಪ್ಪಾರ ನೆನಪಿಗೆ.”

“ಓ, ಇದು ಅವರದಾ?”

“ಅಲ್ಲ.”

ಅವರು ನನ್ನನ್ನೊಮ್ಮೆ ನೋಡಿ, ಕಂಬಳಿ ಸರಿಮಾಡಿಕೊಂಡು ಆಚೆ ಬೆಂಚಿಗೆ ಹೋಗಿ ಕುಳಿತರು.

ಹೊಸದುರ್ಗ

ಅಪ್ಪನ ಜೊತೆ ಕೆಲಸ ಮಾಡಿದ ಓವರ್‌ಸಿಯರ್ ಒಬ್ಬರು ಹೊಸದುರ್ಗದಲ್ಲಿದ್ದಾರೆಂದು ಈಚೆಗೆ ಗೊತ್ತಾಯಿತು. ಹೋದೆ. “ಮಾವಾರಿಗೆ ಹಳೇದು ಹೊಸದು ಎಲ್ಲಾ ಕಲಸಿಹೋಗೈತ್ರಿ” ಎಂದು ಸೊಸೆ ಬಾಗಿಲಲ್ಲೇ ಹೇಳಿದರು.

ಸ್ಲೈಡ್ ರೂಲ್ ಎಂದ ಕೂಡಲೇ ಮುದುಕರು ಎದ್ದು ಹೋಗಿ ಟ್ರಂಕಿನಿಂದ ಒಂದನ್ನು ತಂದರು. ಹಿಂಬದಿ ತಿರುಗಿಸಿದೆ. ಅಪ್ಪನ ಹೆಸರು. ಅಕ್ಷರಗಳು ಸ್ವಲ್ಪ ಬಲಕ್ಕೆ ವಾಲಿದ್ದವು. ನನ್ನ ಅಕ್ಷರವೂ ಹಾಗೇ ವಾಲುತ್ತದೆ.

“ಸಾರ್, ಇದು ನಮ್ಮಪ್ಪಾರದು” ಎಂದೆ.

“ಹೌದೇನೋ? ಅವನ ಮಗನಾ ನೀನು? ಕುಂತ್ಕಳಪ್ಪ, ಕುಂತ್ಕ.”

“ನಾನು ತಗಂಡು ಹೋಗ್ಲಾ ಸಾರ್?”

ಥಟ್ಟನೆ ಕಸಿದುಕೊಂಡರು. “ಅದ್ಹೆಂಗಾಗ್ತೈತೆ? ಯಾರ ಕೈಯಿಂದ ಇಸ್ಕಂಡಿದ್ವೋ ಅವರ ಕೈಗೇ ವಾಪಸ್ ಕೊಡ್ಬೇಕು. ಸೈಟ್‌ನಾಗೆ ನಿಮ್ಮಪ್ಪನೇ ಮಾಡಿದ ಕಾನೂನು. ಹೋಗು, ನಿಮ್ಮಪ್ಪನ್ನ ಕಳ್ಸು.”

“ಮಾವ, ಅವ್ರು ತೀರ್ಕಂಡು…” ಎಂದು ಸೊಸೆ ಶುರುಮಾಡಿದರು. ನಾನು ಬೇಡವೆಂದು ಕೈಯಾಡಿಸಿದೆ. ಅಪ್ಪ ಇನ್ನೂ ಬದುಕಿರುವ ಮನೆ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

“ಆಗ್ಲಿ ಸಾರ್, ಕಳಿಸ್ತೀನಿ” ಎಂದು ಎದ್ದೆ.

ಗೇಟು ದಾಟುವಾಗ ಹಿಂದಿನಿಂದ ಕೂಗಿದರು.

“ಲೇ ತಮ್ಮಾ! ಎರಡು ದಿನಕ್ಕೆ ಅಂತ ಇಸ್ಕಂಡಿದ್ದೆ, ಸ್ವಲ್ಪ ತಡ ಆತು. ಬೈಬ್ಯಾಡ ಅಂತ ಹೇಳಪ್ಪ ಅವನಿಗೆ!”